ನಲವತ್ಮೂರನೇ ಶೀಸೆ

ಮುಂಬೈ
14 ನವೆಂಬರ್ 2022

ದೊಡ್ಡವ್ವನಿಗೆ ದಾನೇಶ್ವರಿಯ ಶರಣು.

ಫೋನ್ ಮಾಡಿದರೆ ಯಾವಾಗಲೂ ನಿನಗೆ ಗುಂಡಿ ಹಚ್ಚಿಕೊಡುವ ಕಾಡವ್ವನೇ ಎತ್ತುತ್ತಾಳೆ. "ಗೌರಕ್ಕ ಹೊರಗ ಹೋಗ್ಯಾಳವ್ವಾ" ಅನ್ನುತ್ತಾಳೆ. ಹಿಂದೆ ನಿನ್ನ ಹೊಲಿಗೆ ಯಂತ್ರದ ಸದ್ದು ಕೇಳುತ್ತಿರುತ್ತದೆ. ಅದು ತಾನೇ ಹೊಲಿಯುವುದನ್ನು ಯಾವಾಗ ಕಲಿಯಿತು? ನಿನ್ನೆ ಗದರಿಸಿ ಕೇಳಿದ್ದಕ್ಕೆ ಬಾಯಿಬಿಟ್ಟಳು: "ಆಕಿಗಿ ಫೋನ್ ಬ್ಯಾಡಂತ. ಪತ್ರ ಬರಿ ಅಂದಾಳ, ಮೊದಲಿನಂಗ." ಗೋಕಾಕದ ಹಾಸ್ಟೆಲ್ಲಿನಲ್ಲಿದ್ದಾಗ ಬರೆಯುತ್ತಿದ್ದೆನಲ್ಲ, ಹಾಗೆ. ವಯಸ್ಸಾದಂತೆ ನಿನ್ನ ಹುಡುಗಾಟ ಹೆಚ್ಚಾಗುತ್ತಿದೆ. ಆಗಲಿ, ಬರೆಯುತ್ತೇನೆ.

ಒಂದು ಕೆಲಸವಿದೆ, ನಿನ್ನಿಂದಲೇ ಆಗಬೇಕು. ಅವ್ವ ಹೋಗಿ ಇಪ್ಪತ್ತು ವರ್ಷವಾಯಿತು. ಆಕೆಯ ಬಾಯಿಯ ಗಡ್ಡೆ ಡಾಕ್ಟರರ ಕಣ್ಣಿಗೆ ಬಿದ್ದಾಗ ಹೊತ್ತು ಮೀರಿತ್ತು. ಕಣ್ಣಿಗೆ ಕಾಣುವ ಮೊದಲೇ ಅದನ್ನು ಹಿಡಿಯಬೇಕು ಅಂತ ನಾನು ಈ ದಾರಿ ಹಿಡಿದದ್ದು ನಿನಗೆ ಗೊತ್ತು. ಗಡ್ಡೆ ಹುಟ್ಟುವ ಹೊತ್ತಿನಲ್ಲೇ ಎಂಜಲಿನಲ್ಲಿ ಒಂದು ಗುರುತು ಬಿಡುತ್ತದೆ. ಅದನ್ನು ಅಳೆಯುವ ಪರೀಕ್ಷೆ ನನ್ನ ಕೈಯಲ್ಲಿದೆ. ಆದರೆ ಅದು ಖರೆಯೋ ಸುಳ್ಳೋ ತಿಳಿಯಬೇಕಾದರೆ ಮಿಶ್ರಿ ತಿಕ್ಕುವ ಹೆಂಗಸರ ಎಂಜಲು ಬೇಕು, ಮಿಶ್ರಿಯನ್ನೇ ಮುಟ್ಟದ ಹೆಂಗಸರದೂ ಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ತಾಲ್ಲೂಕುಗಳಲ್ಲಿ ಕೂಡಿಸುತ್ತಿದ್ದೇವೆ. ನಂದಿನಿ ಅಂತ ಗೋಕಾಕದ ಹುಡುಗಿಯೊಬ್ಬಳು ಸ್ಕೂಟಿ ಮೇಲೆ ಐಸ್ ಡಬ್ಬಿ ಇಟ್ಟುಕೊಂಡು ಬರುತ್ತಾಳೆ. ನೀನು ಹೆಂಗಸರನ್ನು ಒಪ್ಪಿಸಿಕೊಟ್ಟರೆ ಸಾಕು. ಮಮದಾಪುರದಲ್ಲಿ ನಿನ್ನ ಕೈಯಲ್ಲಿ ಜಂಪರ್ ಹೊಲಿಸದ ಹೆಂಗಸು ಯಾರಿದ್ದಾಳೆ?

ಹಂಚಿನ ಮೇಲೆ ತಂಬಾಕು ಹುರಿದು ಕರಿ ಪುಡಿ ಮಾಡಿ ನೀವಿಬ್ಬರು ಅಕ್ಕತಂಗಿಯರು ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಹಲ್ಲು ತಿಕ್ಕುತ್ತಿದ್ದದ್ದು ಇನ್ನೂ ಕಣ್ಣ ಮುಂದಿದೆ. ಆ ವಾಸನೆ ನನಗೆ ಆಗ ಮನೆಯ ವಾಸನೆಯಾಗಿತ್ತು. ಅವ್ವನಿಗೆ ಮಣ್ಣು ಕೊಟ್ಟು ಬಂದ ದಿನ ನೀನು ನನ್ನ ತಲೆಯ ಮೇಲೆ ಕೈ ಇಟ್ಟು, ಇನ್ನು ಮಿಶ್ರಿ ಮುಟ್ಟುವುದಿಲ್ಲ ಅಂತ ಆಣೆ ಮಾಡಿದೆ. ಆ ಒಂದು ಮಾತಿನ ಮೇಲೆ ನಾನು ಧೈರ್ಯವಾಗಿ ಊರು ಬಿಟ್ಟೆ.

ಇಂತಿ ನಿನ್ನ
ದಾನಿ


ಮಮದಾಪುರ
5 ಡಿಸೆಂಬರ್ 2022

ಚಿರಂಜೀವಿ ದಾನವ್ವನಿಗೆ ದೊಡ್ಡವ್ವನ ಆಶೀರ್ವಾದಗಳು.

ಪತ್ರ ಮುಟ್ಟಿತು. ಪತ್ರ ಬರೆಯುವಾಗ ಮಾಸ್ತರರು ಕಲಿಸಿದ ಹಾಗೆ ಪುಸ್ತಕದ ಭಾಷೆಯಲ್ಲಿಯೇ ಬರೆಯಬೇಕೆಂಬುದು ನನ್ನ ಹಟ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯಲ್ಲಿ ಫೇಲಾದವಳಿಗೆ ಇಷ್ಟು ಸೊಕ್ಕೇ ಎಂದು ನಗಬೇಡ. ಫೋನಿನ ಮಾತು ಗಾಳಿಗೆ ಹೋಗುತ್ತದೆ. ಪತ್ರವನ್ನಾದರೆ ಮತ್ತೆ ಮತ್ತೆ ಓದಬಹುದು.

ನಿನ್ನ ಕೆಲಸ ಸುರುವಾಗಿದೆ. ಅಳತೆ ಕೊಡಲು ಬಂದವರನ್ನೆಲ್ಲ ಹಿಡಿದು ಕೂರಿಸಿ ಹೇಳಿದೆ. ಸಾವಿತ್ರವ್ವ ಕೇಳಿದಳು: "ಏನ್ ಗೌರಕ್ಕಾ, ಮುಂಬೈದಾಗ ಉಗುಳು ತುಟ್ಟಿ ಆಗೇತೇನು?" ನಾನು ಬಿಡುತ್ತೇನೆಯೇ? "ತುಟ್ಟಿ ಆಗಿದ್ರ ನಿನ್ನ ಕೇಳ್ತಿದ್ನೇನಽ? ಅಗ್ಗದ್ದು ಅಂತ ನಿನ್ನ ಕಡೆ ಬಂದೇನಿ" ಎಂದೆ. ಕಾಡವ್ವ ಗುಂಡಿ ಹಚ್ಚುತ್ತ ಕೂತವಳು ಎದ್ದೇ ಬಿಟ್ಟಳು. "ನಮ್ಮತ್ತಿ ಮಾರಿಗಿ ಉಗುಳಾಕ ನಲವತ್ತ ವರ್ಷ ಕಾದಾಕಿ ನಾ. ಬಾಟ್ಲಿಯೊಳಗ ಉಗುಳಂದ್ರ ಬಿಡ್ತೇನೇನು? ತಾ ಇಲ್ಲೆ!" ಎಂದಳು. ಅವಳು ಕೊಟ್ಟ ಮೇಲೆ ಎಲ್ಲರೂ ಸಾಲುಗಟ್ಟಿದರು. ನಂದಿನಿ ಒಳ್ಳೆಯ ಹುಡುಗಿ, ಎಲ್ಲರ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದಳು.

ಆದರೆ ಮಿಶ್ರಿ ಮುಟ್ಟದವರು ಅಂದರೆ ಈ ಊರಲ್ಲಿ ತೊಟ್ಟಿಲಲ್ಲಿರುವ ಕೂಸುಗಳು ಮಾತ್ರ. ಅಂಕಲಗಿಯಲ್ಲಿ ಹುಡುಕಿಸುತ್ತೇನೆ.

ನಂದಿನಿಯ ಕೈಯಲ್ಲಿ ಕರದಂಟು ಕಳಿಸಿದ್ದೇನೆ. ನಿನ್ನ ಪಾಲು, ನನ್ನ ಪಾಲು ಎರಡೂ ನೀನೇ ತಿನ್ನು. ನನ್ನ ಹಲ್ಲಿಗೆ ಈಗೀಗ ಅದು ಬಗ್ಗುತ್ತಿಲ್ಲ. ದಾರ ಕತ್ತರಿಸಲು ಒಂದು ಸಣ್ಣ ಕತ್ತರಿ ತಂದಿದ್ದೇನೆ. ಇಷ್ಟು ವರ್ಷ ಹಲ್ಲಿನಿಂದಲೇ ಕಡಿಯುತ್ತಿದ್ದೆ, ಬಿಡು.

ದೊಡ್ಡವ್ವ


ಮುಂಬೈ
9 ಜನವರಿ 2023

ದೊಡ್ಡವ್ವಾ,

ಕರದಂಟು ನಾನೊಬ್ಬಳೇ ತಿಂದೆ. ಪಕ್ಕದ ಮೇಜಿನ ಪೂನಮ್‌ಗೆ ಒಂದು ಚೂರು ಕೊಟ್ಟದ್ದಕ್ಕೇ ಹೊಟ್ಟೆ ಉರಿಯಿತು.

ನಿನಗಲ್ಲದೆ ಯಾರಿಗೆ ಹೇಳಲಿ? ಈ ಲ್ಯಾಬಿನಲ್ಲಿ ನನ್ನ ಕೆಲಸ ಚೆನ್ನಾಗಿ ಸಾಗುತ್ತಿಲ್ಲ. ಮೊದಲ ವರ್ಷಗಳನ್ನು ಇಲಿಗಳ ಜೊತೆ ಕಳೆದೆ. ತಂಬಾಕಿನ ಯಾವ ರಾಸಾಯನಿಕ ಮೈಯೊಳಗೆ ಹೋಗಿ ಏನು ಕೆಡಿಸುತ್ತದೆ ಅಂತ ಒಂದೊಂದನ್ನೇ ಬೇರೆ ಮಾಡಿ ನೋಡಿದೆ. ಆಮೇಲೆ ಈ ಗುರುತಿನ ಬೆನ್ನು ಹತ್ತಿದೆ. ಜೊತೆಗೆ ಕಲಿತವರು ಈಗ ದೊಡ್ಡ ದೊಡ್ಡ ಕುರ್ಚಿಯಲ್ಲಿದ್ದಾರೆ. ನಾನು ಇನ್ನೂ ಎಂಜಲು ಅಂತ ಕೂತಿದ್ದೇನೆ. ವರ್ಷದ ಕೊನೆಗೆ ಹಿರಿಯರ ಸಮಿತಿಯ ಮುಂದೆ ನಿಲ್ಲಬೇಕು. ಮಿಶ್ರಿ ಮುಟ್ಟದ ಹೆಂಗಸರ ಶೀಸೆಗಳು ಸಾಲದೆ ಹೋದರೆ ಹೋಲಿಸಿ ತೋರಿಸಲು ಏನೂ ಇರುವುದಿಲ್ಲ. ಆಗ ಈ ಕೆಲಸ ಮುಚ್ಚುತ್ತಾರೆ. ಮುಚ್ಚಿದರೆ ಅವ್ವನಂಥವರು ಹೋಗುತ್ತಲೇ ಇರುತ್ತಾರೆ.

ಇನ್ನಷ್ಟು ಜನ ಬೇಕು ದೊಡ್ಡವ್ವಾ. ನಿನ್ನದನ್ನೇ ಕೊಡು ಅನ್ನುತ್ತಿದ್ದೆ, ಆದರೆ ಅವ್ವ ಇರುವವರೆಗೂ ನೀನು ತಿಕ್ಕಿದವಳು. ಜನ್ಮದಲ್ಲಿ ಮುಟ್ಟಿರಬಾರದು.

ನಂದಿನಿ ಹೇಳಿದಳು, ನೀನು ಈಗೀಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡುತ್ತೀಯಂತೆ, ಹೊಸ ಸೊಸೆಯ ಹಾಗೆ. ಮುಂದಿನ ಹಲ್ಲು ಬಿದ್ದಿವೆಯೇನು? ನಾಚಿಕೆ ಯಾಕೆ, ಬಂದಾಗ ಹೊಸ ಹಲ್ಲು ಕಟ್ಟಿಸಿಕೊಡುತ್ತೇನೆ.

ದಾನಿ


ಮಮದಾಪುರ
20 ಫೆಬ್ರವರಿ 2023

ಚಿರಂಜೀವಿ ದಾನವ್ವನಿಗೆ,

ಹೌದು, ಹಲ್ಲಿನದೇ ಗೋಳು. ಆ ಮಾತು ಬಿಡು.

ನಿನಗೊಬ್ಬಳು ಸಿಕ್ಕಿದ್ದಾಳೆ. ಉದ್ದವ್ವ ಎಂದು ಅವಳ ಹೆಸರು. ಕುರಿಯವರು. ನಮ್ಮ ಊರ ಹೊಲಗಳಲ್ಲಿ ಕುರಿ ನಿಲ್ಲಿಸಿದ್ದಾರೆ. ವಯಸ್ಸು ನನ್ನಷ್ಟೇ. ಜನ್ಮದಲ್ಲಿ ಮಿಶ್ರಿ ಬಾಯಿಗೆ ಹಾಕಿದವಳಲ್ಲ. ಅತ್ತೆಗೆ ಹುರಿದು ಪುಡಿ ಮಾಡಿ ಕೊಡುವುದು ಮಾತ್ರ. ಅದಕ್ಕೆ ಅವಳ ಮೈಯೆಲ್ಲ ತಂಬಾಕು ನಾರುತ್ತದೆ, ಶೀಸೆಯೂ ನಾರೀತು. ನಂದಿನಿ ಕೇಳಿಯಾಳೆಂದು ಮೊದಲೇ ಹೇಳಿದ್ದೇನೆ. ಅವಳು ಹಿಂಡು ಬಿಟ್ಟು ಬರುವುದಿಲ್ಲ. ನಾನೇ ಹೋಗಿ ಶೀಸೆ ತುಂಬಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು ಬಂದೆ. ನಂದಿನಿ ಅದಕ್ಕೆ ನಲವತ್ಮೂರು ಎಂದು ಸಂಖ್ಯೆ ಹಾಕಿದಳು. ಅಂಕಲಗಿಯಿಂದಲೂ ಇಬ್ಬರು ಒಪ್ಪಿದ್ದಾರೆ.

ನಿನ್ನ ಕೆಲಸ ಯಾರೂ ಮುಚ್ಚುವುದಿಲ್ಲ. ನಾನಿದ್ದೇನೆ.

ದೊಡ್ಡವ್ವ


ಮುಂಬೈ
17 ಏಪ್ರಿಲ್ 2023

ದೊಡ್ಡವ್ವಾ! ದೊಡ್ಡವ್ವಾ!

ನಿನ್ನ ಉದ್ದವ್ವ ನನ್ನನ್ನು ಕುಣಿಸಿಬಿಟ್ಟಳು. ಮೂರೂ ತಾಲ್ಲೂಕುಗಳ ಶೀಸೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಂದದ್ದು ನಲವತ್ಮೂರಕ್ಕೆ. ಎರಡನೆಯದಕ್ಕೂ ಅದಕ್ಕೂ ಅಜಗಜಾಂತರ. ಮೊದಲು ಯಂತ್ರ ಕೆಟ್ಟಿದೆ ಅಂದುಕೊಂಡೆ. ಪೂನಮ್ ಮತ್ತೆ ಮಾಡಿದಳು, ಮತ್ತೆ ಅಷ್ಟೇ. ಮಿಶ್ರಿ ಬಾಯಿಗೇ ಹಾಕದವಳಿಗೆ ಇಷ್ಟು ಹೆಚ್ಚು ಹೇಗೆ? ನೀನು ಬರೆದ ಸಾಲು ನೆನಪಾಯಿತು: ಅತ್ತೆಗೆ ಹುರಿದು ಕೊಡುತ್ತಾಳೆ. ಹೊಗೆ! ತಂಬಾಕು ಹುರಿಯುವಾಗ ಏಳುವ ಹೊಗೆಯಲ್ಲಿ ಕ್ಯಾನ್ಸರ್ ತರುವ ರಾಸಾಯನಿಕಗಳಿರುತ್ತವೆ. ಬಾಯಿಗೆ ಹಾಕದೆ ಬರೀ ಹುರಿದು ಕೊಟ್ಟವಳನ್ನೂ ಅದು ಬಿಡುವುದಿಲ್ಲ ಅಂತ ತೋರಿಸಿದರೆ ಸಮಿತಿಯವರು ಎದ್ದು ನಿಲ್ಲುತ್ತಾರೆ. ಇಷ್ಟು ವರ್ಷ ನಾನು ಕಾದದ್ದು ಈ ಒಂದು ಶೀಸೆಗೆ. ಆ ಪುಣ್ಯಾತ್ಮಳ ಕಾಲು ಹಿಡಿ, ಎರಡು ತಿಂಗಳಿಗೊಮ್ಮೆ ಶೀಸೆ ತುಂಬಿಸಿ ಕಳಿಸು.

ಒಂದು ಮುಖ್ಯ ಮಾತು. ಆಕೆಯ ಬಾಯಿ ಯಾರಾದರೂ ನೋಡಲೇಬೇಕು. ನಂದಿನಿಗೂ ಹೇಳಿದ್ದೇನೆ, ಗೋಕಾಕಕ್ಕೆ ಕರೆದುಕೊಂಡು ಹೋಗಲಿ. ಮರೆಯಬೇಡ.

ಇವತ್ತು ಇಲ್ಲಿ ಎಲ್ಲರಿಗೂ ಪೇಢೆ ಹಂಚಿದೆ.

ನಿನ್ನ ದಾನಿ


ಮಮದಾಪುರ
2 ಮೇ 2023

ಚಿರಂಜೀವಿ ದಾನವ್ವನಿಗೆ ಆಶೀರ್ವಾದ.

ನಿನ್ನ ಪತ್ರ ಓದಿ ಬಹಳ ಹಿಗ್ಗಾಯಿತು. ಇಷ್ಟು ಹಿಗ್ಗಿನ ಪತ್ರ ನೀನು ಎಂದೂ ಬರೆದಿರಲಿಲ್ಲ. ಕಾಡವ್ವನಿಗೂ ಓದಿ ತೋರಿಸಿದೆ. ಅವಳು ಎದ್ದು ಹಿತ್ತಲಿಗೆ ಹೋದಳು. ತಿಳಿವಳಿಕೆ ಕಡಿಮೆ, ಅವಳಿಗೇನು ಗೊತ್ತು.

ಎಲ್ಲರಿಗಿಂತ ಹೆಚ್ಚು ಬಂದಿದೆ ಎಂದೆಯಲ್ಲ, ಹೆಚ್ಚು ಬಂದರೆ ಒಳ್ಳೆಯದಲ್ಲವೇ? ಪರೀಕ್ಷೆಯಲ್ಲಿ ಹೆಚ್ಚು ಬಂದವರೇ ಪಾಸು. ಉದ್ದವ್ವನಿಗೆ ಹಾಗೆಯೇ ಹೇಳಿದೆ. ಅವಳೂ ಹಿಗ್ಗಿದಳು.

ಕುರಿ ಹೊಡೆದುಕೊಂಡು ಅವರು ಹುಕ್ಕೇರಿಯ ಕಡೆಗೆ ಹೋಗಿದ್ದಾರೆ. ನಂದಿನಿಗೆ ಸಿಗುವುದಿಲ್ಲ. ಆದರೆ ಸಂತೆಗೆ ಬಂದಾಗ ನನ್ನ ಹತ್ತಿರ ಬಂದೇ ಬರುತ್ತಾಳೆ, ಶೀಸೆಗೆ ಚಿಂತೆ ಬೇಡ. ಅವಳು ಒಂದು ಮಾತು ಕೇಳಿದ್ದಾಳೆ. ಆಸ್ಪತ್ರೆಗೆ ಹೋದರೆ ಏನು ಮಾಡುತ್ತಾರೆ? ಸುಳ್ಳು ಹೇಳದೆ ಬರೆ. ಅವಳು ಗಟ್ಟಿ ಹೆಂಗಸು.

ದೊಡ್ಡವ್ವ


ಮುಂಬೈ
28 ಮೇ 2023

ದೊಡ್ಡವ್ವಾ,

ಹೆಚ್ಚು ಬಂದರೆ ನನಗೆ ಒಳ್ಳೆಯದು, ಆಕೆಗೆ ಕೆಟ್ಟದ್ದು. ಇದು ಮುಲ್ಕಿ ಪರೀಕ್ಷೆಯಲ್ಲ ಮಾರಾಯ್ತಿ! ಹೆಚ್ಚು ಅಂದರೆ ಗಡ್ಡೆ ಇರಬಹುದು ಅಂತ ಅರ್ಥ. ಆಕೆಗೆ ಹಿಗ್ಗು ಅಂತ ಹೇಳಿದ್ದು ತಪ್ಪಾಯಿತು, ಸರಿಪಡಿಸು.

ಸುಳ್ಳು ಹೇಳದೆ ಬರೆ ಅಂದೆ, ಬರೆಯುತ್ತೇನೆ. ಮೊದಲು ಒಂದು ಚೂರು ತೆಗೆದು ನೋಡುತ್ತಾರೆ. ಗಡ್ಡೆ ಸಣ್ಣದಿದ್ದರೆ ಅಷ್ಟನ್ನೇ ಕೊಯ್ದು ತೆಗೆಯುತ್ತಾರೆ, ಬದುಕುತ್ತಾಳೆ. ಬೆಳೆದಿದ್ದರೆ ದವಡೆಯ ಎಲುಬು, ನಾಲಿಗೆಯ ಭಾಗ ಹೋಗಬಹುದು. ಆಗ ಮಾತು ಮೊದಲಿನ ಹಾಗೆ ಬರುವುದಿಲ್ಲ. ಆದರೂ ಜೀವ ಉಳಿಯುತ್ತದೆ. ತಡ ಮಾಡಿದರೆ ಏನಾಗುತ್ತದೆ ಅಂತ ನಾವಿಬ್ಬರೂ ಒಂದೇ ಮಂಚದ ಪಕ್ಕ ಕೂತು ನೋಡಿದ್ದೇವೆ. ಕುರಿ, ಹಿಂಡು, ಹುಕ್ಕೇರಿ ಅಂತ ನೆಪ ಹೇಳಿದರೆ ಕೇಳಬೇಡ. ಬೈದು ಕಳಿಸು. ನಿನ್ನ ಬೈಗುಳಕ್ಕೆ ಹೆದರದವರು ಯಾರಿದ್ದಾರೆ!

ಯಾರೋ ಕುರಿಯವಳಿಗಾಗಿ ನೀನು ಇಷ್ಟು ಕರಗುವುದನ್ನು ಕಂಡು ನನಗೆ ಹೆಮ್ಮೆಯಾಯಿತು.

ದಾನಿ


ಮಮದಾಪುರ
11 ಆಗಸ್ಟ್ 2023

ದಾನವ್ವನಿಗೆ ಆಶೀರ್ವಾದ.

ಎರಡನೆಯ ಶೀಸೆ ಕಳಿಸಿದ್ದೇನೆ. ನೀನು ಬರೆದದ್ದನ್ನೆಲ್ಲ ಉದ್ದವ್ವನಿಗೆ ಹೇಳಿದೆ. ಕೇಳಿಕೊಂಡಳು. ಆಸ್ಪತ್ರೆಗೆ ಒಲ್ಲೆ ಎಂದಳು. ಬೈದೆ. ಆದರೂ ಒಲ್ಲೆ ಎಂದಳು. ತನ್ನಿಂದ ಒಂದು ಕೂಸಿಗೆ ಒಳ್ಳೆಯದಾಗುತ್ತದಂತೆ, ಹೀಗೇ ಇದ್ದುಬಿಡುತ್ತಾಳಂತೆ. ನೋವು ಇದೆಯೇ ಎಂದರೆ, ದಾರ ಕಡಿಯಲು ಆಗುವುದಿಲ್ಲ, ಅಂಬಲಿ ಬಿಟ್ಟರೆ ಏನೂ ಇಳಿಯುವುದಿಲ್ಲ, ಖಾರ ಮುಟ್ಟಿದರೆ ಕಣ್ಣಲ್ಲಿ ನೀರು ಬರುತ್ತದೆ ಎಂದಳು. ಇಷ್ಟೇ, ದೊಡ್ಡದೇನಲ್ಲ.

ಹೊಲಿಗೆ ಕಡಿಮೆ ಮಾಡಿದ್ದೇನೆ. ಕಾಡವ್ವ ಕಲಿತುಕೊಂಡಿದ್ದಾಳೆ. ನೀನು ದೀಪಾವಳಿಗೆ ಬರುತ್ತೀಯಾ? ಕೆಲಸವಿದ್ದರೆ ಬೇಡ.

ದೊಡ್ಡವ್ವ


ಮುಂಬೈ
30 ಅಕ್ಟೋಬರ್ 2023

ದೊಡ್ಡವ್ವಾ,

ಸಮಿತಿಯ ಮುಂದೆ ನಿಂತೆ! ಎರಡನೆಯ ಶೀಸೆಯಲ್ಲಿ ಇನ್ನೂ ಹೆಚ್ಚಾಗಿತ್ತು. ನಲವತ್ಮೂರರ ಗೆರೆ ಮೇಲೆ ಮೇಲೆ ಏರುವುದನ್ನು ಪರದೆಯ ಮೇಲೆ ತೋರಿಸಿದಾಗ ಒಬ್ಬರೂ ಕೆಮ್ಮಲಿಲ್ಲ. ಯಾವಾಗಲೂ ನನ್ನ ಮಾತಿನ ನಡುವೆ ಗಡಿಯಾರ ನೋಡುವ ಹಿರಿಯರು ಆಮೇಲೆ ಬಂದು ಕೈ ಕುಲುಕಿದರು. ಕೆಲಸ ಮುಚ್ಚುವುದಿಲ್ಲ, ಇನ್ನೂ ಮೂರು ವರ್ಷ ಕೊಟ್ಟಿದ್ದಾರೆ. ಇದು ನಿನ್ನ ಗೆಲುವು.

ದೀಪಾವಳಿಗೆ ಆಗುವುದಿಲ್ಲ. ಪ್ರಬಂಧ ಬರೆದು ಮುಗಿಸಬೇಕು. ಸಂಕ್ರಾಂತಿಗೆ ಖಂಡಿತ. ನಿನ್ನ ಪತ್ರಗಳು ಗಿಡ್ಡ ಆಗುತ್ತಿವೆ. ಸಿಟ್ಟೇನು? ಆಸ್ಪತ್ರೆಗೆ ಒಲ್ಲೆ ಅಂದ ಉದ್ದವ್ವ ಆಮೇಲೆ ಒಪ್ಪಿದಳೋ ಇಲ್ಲವೋ ಅದನ್ನೂ ಬರೆಯಲಿಲ್ಲ. ಒಂದು ಸಲ ಫೋನಿನಲ್ಲಿ ಮಾತಾಡು, ನಿನ್ನ ದನಿ ಕೇಳಿ ವರ್ಷದ ಮೇಲಾಯಿತು.

ದಾನಿ


ಮುಂಬೈ
11 ಡಿಸೆಂಬರ್ 2023, ಬೆಳಿಗ್ಗೆ

ದೊಡ್ಡವ್ವಾ,

ಮೂರನೆಯ ಶೀಸೆ ಬಂತು. ಆದರೆ ಒಂದು ಅನಾಹುತವಾಗಿದೆ, ತಲೆ ಕೆಟ್ಟಿದೆ. ಪ್ರಬಂಧ ಕಳಿಸುವ ಮೊದಲು ಮೂರೂ ಶೀಸೆಗಳು ಒಬ್ಬಳದೇ ಹೌದೋ ಅಂತ ರಕ್ತಸಂಬಂಧ ಗೊತ್ತಾಗುವ ಪರೀಕ್ಷೆ ಮಾಡಿಸಿದೆವು. ಒಬ್ಬಳದೇ ಅಂತ ಬಂತು. ಆದರೆ ಯಂತ್ರ ಸರಿಯಾಗಿದೆಯೋ ನೋಡಲು ನನ್ನ ಎಂಜಲನ್ನೂ ಇಟ್ಟಿರುತ್ತೇವೆ. ನಲವತ್ಮೂರರಲ್ಲಿ ನನ್ನದು ಬೆರೆತ ಹಾಗೆ ಕಾಣುತ್ತಿದೆ. ಎಲ್ಲೋ ನಾನೇ ಶೀಸೆ ಮುಟ್ಟಿ ಕೆಡಿಸಿದ್ದೇನೆ. ವರ್ಷದ ಕೆಲಸ ನೀರಲ್ಲಿ ಹೋಮ. ನಂದಿನಿಯನ್ನು ಬೈದೆ, ಪೂನಮ್‌ಳನ್ನು ಬೈದೆ. ನನ್ನನ್ನು ಬೈಯಲು ನೀನೇ ಬೇಕು. ಉದ್ದವ್ವನಿಂದ ಹೊಸ ಶೀಸೆ ಬೇಕು, ತುರ್ತು.

ದಾನಿ


ಮುಂಬೈ
11 ಡಿಸೆಂಬರ್ 2023, ಸಂಜೆ

ದೊಡ್ಡವ್ವಾ,

ಬೆಳಗಿನ ಪತ್ರ ಅಂಚೆಗೆ ಹೋಗಿಯಾಗಿದೆ. ಅದನ್ನು ಓದಬೇಡ.

ಪೂನಮ್ ಮತ್ತೆ ನೋಡಿದಳು. "ಶೀಸೆ ಕೆಟ್ಟಿಲ್ಲ. ಈಕೆ ನಿನ್ನ ತಾಯಿಯ ಕಡೆಯ ರಕ್ತ. ನಿನಗೆ ಯಾರಾಗಬೇಕು?" ಅಂತ ಕೇಳಿದಳು. ನನಗೆ ತಾಯಿಯ ಕಡೆ ಇರುವವಳು ಒಬ್ಬಳೇ.

ದಾರ ಕಡಿಯಲಾಗದವಳು. ಕುರಿ ಕಾಯುವವಳಿಗೆ ದಾರ ಯಾಕೆ ಅಂತ ನಾನು ಕೇಳಲಿಲ್ಲ. ಸಣ್ಣ ಕತ್ತರಿ. ಕರದಂಟು. ಸೆರಗು. ಫೋನು. ನೀನು ಎಲ್ಲ ಬರೆದಿದ್ದೆ. ನಾನು ಓದುತ್ತಿದ್ದದ್ದು ನಲವತ್ಮೂರನ್ನು ಮಾತ್ರ.

ಈ ಪತ್ರ ಮುಟ್ಟುವ ಮೊದಲು ನಾನೇ ಬರುತ್ತೇನೆ. ಈಗ ಫೋನ್ ಮಾಡುತ್ತೇನೆ. ಎತ್ತು. ಮಾತಾಡಬೇಡ. ಉಸಿರು ಕೇಳಿಸಿದರೆ ಸಾಕು.

ದಾನಿ


ಮಮದಾಪುರ
4 ಜನವರಿ 2024

ದಾನಿ,

ಇವತ್ತ ಪುಸ್ತಕದ ಭಾಷಾ ಸಾಕು. ಬಾಯಾಗ ಮಾತು ಉಳದಿಲ್ಲ, ಕಾಗದದ ಮ್ಯಾಲರ ನಮ್ಮ ಮಾತು ಆಡ್ತೇನಿ.

ಬೆಳಗಾವಿ ಆಸ್ಪತ್ರಿಯೊಳಗ ಡಾಕ್ಟರ್ ನಿನ್ನ ಹೊರಗ ಕರದು ಮಾತಾಡಿದ್ರು. ಒಳಗ ಬಂದು ನೀ ನಕ್ಕಿ. ಅಷ್ಟ ಕೆಟ್ಟ ನಗಿ ನಾ ಜನ್ಮದಾಗ ನೋಡಿಲ್ಲ. ಕುತ್ತಿಗಿ ತನಕಾ ಇಳದೈತಿ, ಇನ್ನ ಕೊಯ್ಯಾಕ ಆಗೂದಿಲ್ಲ ಅಂತ ನನಗ ಆಗಽ ತಿಳೀತು. ಮನಿಗಿ ಕರಕೊಂಡ ಬಂದ ಮ್ಯಾಲ ನೀ ಒಂದಽ ಮಾತು ಕೇಳಿದಿ, "ಯಾಕ ಹೇಳಲಿಲ್ಲ ದೊಡ್ಡವ್ವಾ?" ನಾ ಗ್ವಾಡಿ ಕಡೆ ಹೊಳ್ಳಿದೆ. ಸಿಟ್ಟಿಲೆ ಅಲ್ಲವ್ವಾ. ಹೇಳೂದು ಉದ್ದ ಇತ್ತು, ನಾಲಿಗಿ ತಿರಗ್ತಿರಲಿಲ್ಲ. ಈಗ ನೀ ಮುಂಬೈಕ್ಕ ಹೋಗೀದಿ, ನಾಕ ದಿನದಾಗ ಬರ್ತೇನಿ ಅಂದೀದಿ. ಅಷ್ಟರತನಕಾ ನಾ ಇರ್ತೇನೋ ಇಲ್ಲೋ, ಬರದು ಕಳಸ್ತೇನಿ.

ನಿಮ್ಮವ್ವಗ ಮಣ್ಣು ಕೊಟ್ಟು ಬಂದ ದಿನ ನಿನ್ನ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡಿದೆ. ಒಂದ ತಿಂಗಳ ತಡದೆ. ನೀ ಹಾಸ್ಟೆಲ್ಲಿಗಿ ಹೋದಿ. ಮನಿಯೊಳಗ ನಾನು, ಆಕಿ ಬಿಟ್ಟ ಹೋದ ಮಿಶ್ರಿ ಡಬ್ಬಿ, ಇಬ್ರಽ. ಒಂದ ಮುಂಜಾನೆ ಕಟ್ಟಿ ಮ್ಯಾಲ ಕುಂತು ತಿಕ್ಕಿದೆ. ಆಕಿ ಬಾಜೂಕ ಕುಂತಂಗ ಆತು. ಮತ್ತ ಬಿಡಾಕ ಆಗಲಿಲ್ಲ.

ಸುಳ್ಳ ಆಣಿ, ಅದನ್ನ ಮಾಡಿದಾಕಿನ್ನ ಹಿಡ್ಯೂದಿಲ್ಲ. ಯಾರ ತಲಿ ಮುಟ್ಟಿರ್ತೇವೋ ಅವರನ್ನ ಹಿಡೀತೈತಿ. ನಮ್ಮವ್ವ ಹೇಳ್ತಿದ್ಲು, ಆಕಿಗಿ ಅವರವ್ವ ಹೇಳಿದ್ಲು. ಇಷ್ಟ ವರ್ಷ ನಿನಗ ನೆಗಡಿ ಬಂದೈತಿ ಅಂದ್ರ ನನ್ನ ಎದಿ ಝಲ್ ಅಂತಿತ್ತು. ಬಸ್ಸ ತಡ ಆತಂದ್ರ ಎದಿ ಝಲ್ ಅಂತಿತ್ತು. ಬಾಯಾಗ ಹುಣ್ಣ ಆಗಿ, ಅದು ಮಾಯಲಾರದ್ದು ಅಂತ ತಿಳದ ದಿನ ಖರೆ ಹೇಳ್ತೇನಿ, ನಾ ಅಂಜಲಿಲ್ಲ. ಕೈ ಮುಗದೆ. ಬಸವಣ್ಣಾ, ಕೂಸಿನ್ನ ಬಿಟ್ಟು ನನ್ನ ಹಿಡದಿ, ಚಲೋ ಮಾಡಿದಿ ಅಂದೆ. ಕೊಯ್ಸಿ ತಗಸಿದ್ರ ಅದು ಎಲ್ಲಿಗಿ ಹೋಗಬೇಕು? ಹೊಳ್ಳಿ ನಿನ್ನ ಕಡೆನಽ ಬರೂದು. ಅದಕ್ಕ ನಾನಽ ಇಟಗೊಂಡೆ.

ಕಾಡವ್ವಗ ಬೈಬ್ಯಾಡ. "ಕೂಸಿಗಿ ಹೇಳ್ತೇನಿ ನೋಡ" ಅಂತ ದಿನಾ ಜಗಳಾ ತಗದ್ಲು. ಹೇಳಿದ್ರ ನನ್ನ ಹೆಣಾ ನೋಡ್ತಿ ಅಂದಿದ್ದೆ.

ಶೀಸೆ ತುಂಬಿ ಕೊಟ್ಟದ್ದು ನಿನಗ ಮಂದಿ ಕಡಿಮಿ ಬಿದ್ದಾರ ಅಂತ. ಒಂದ ಉಗುಳಿಲೆ ಏನ ಆಗ್ತೈತಿ ಅಂದಕೊಂಡೆ. ನಿನ್ನ ಲೆಕ್ಕಾ ಕೆಡಿಸಿದ್ರ ಬೈಯಿ. ಆದ್ರ ಎಲ್ಲಾರಕಿಂತ ಹೆಚ್ಚ ಬಂತು ಅಂತ ನೀ ಕುಣದು ಬರದ ಪತ್ರ ತಲಿದಿಂಬಿನ ಕೆಳಗಽ ಐತಿ. ಹೆಚ್ಚ ಬರೂದು ಕೆಟ್ಟದ್ದು ಅಂತ ತಿಳದ ಮ್ಯಾಲೂ ತಗೀಲಿಲ್ಲ. ಜನ್ಮದಾಗ ಒಂದ ಪರೀಕ್ಷಾದಾಗ ನಾನೂ ಮೊದಲ ಬಂದಿದ್ದೆ.

ಇದು ಕಡೀ ಬಾಟ್ಲಿ. ನಂದಿನಿ ಕೈಯಾಗ ಕಾಗದದ ಜೋಡಿ ಕೊಟ್ಟ ಕಳಸ್ತೇನಿ. ಇದರ ಮ್ಯಾಲ ನಂಬರ್ ಹಾಕಿಲ್ಲ, ಹೆಸರು ಬರದೇನಿ. ಉದ್ದವ್ವ ಕುರಿ ಹೊಡಕೊಂಡ ಹೋದ್ಲು.

ನೀ ಸಾಯನ್ಸ್ ಕಲತಾಕಿ, ಆಣಿ ಮಾತು ಓದಿ ನಗ್ತಿ. ನಗು. ಖರೆ ನಗಿ ನಗು.

ದೊಡ್ಡವ್ವ


ಮುಂಬೈ
18 ಫೆಬ್ರವರಿ 2024

ದೊಡ್ಡವ್ವಾ,

ನೀನು ಓದುವುದಿಲ್ಲ ಅಂತ ಗೊತ್ತು. ಆದರೂ ಉತ್ತರ ಬರೆಯದೆ ನನ್ನಿಂದ ಇರಲಾಗಲಿಲ್ಲ. ಬರೆದು ಕಾಡವ್ವನಿಗೆ ಕಳಿಸುತ್ತೇನೆ. ಯಾರಿಂದಲಾದರೂ ಓದಿಸಿಕೊಂಡು ನಿನ್ನ ಹೊಲಿಗೆ ಯಂತ್ರದ ಖಾನೆಯಲ್ಲಿ ಇಡುತ್ತಾಳೆ.

ನಿನ್ನ ಪತ್ರ ಐಸ್ ಡಬ್ಬಿಯ ಜೊತೆ ಮುಂಬೈಗೆ ಹೊರಟ ದಿನವೇ ನಾನು ಇಲ್ಲಿಂದ ಹೊರಟಿದ್ದೆ. ಹತ್ತರಗಿಯ ಹತ್ತಿರ ಹೆದ್ದಾರಿಯಲ್ಲಿ ಎಲ್ಲೋ ನಾವು ಎದುರುಬದುರಾಗಿ ದಾಟಿರಬೇಕು. ನಾನು ಮಮದಾಪುರ ಮುಟ್ಟಿದಾಗ ಅಂಗಳದಲ್ಲಿ ಹೆಂಗಸರು ಕೂತಿದ್ದರು. ಸಾವಿತ್ರವ್ವ ನನ್ನ ಕೈಯಿಂದ ಚೀಲ ತೆಗೆದುಕೊಂಡಳು, ಅಷ್ಟಕ್ಕೇ ಗೊತ್ತಾಯಿತು. ನಿನ್ನ ಉತ್ತರವನ್ನು ನಾನು ಓದಿದ್ದು ನಿನಗೆ ಮಣ್ಣು ಕೊಟ್ಟು ಇಲ್ಲಿಗೆ ಬಂದ ಮೇಲೆ.

ನಗು ಬರಲಿಲ್ಲ ದೊಡ್ಡವ್ವಾ. ಸಿಟ್ಟು ಬಂತು. ಲ್ಯಾಬಿನ ನಡುವೆ ನಿಂತು ನಿನ್ನನ್ನು ಗಟ್ಟಿಯಾಗಿ ಬೈದೆ. ಗಡ್ಡೆಗೆ ಯಾವ ಆಣೆ ಗೊತ್ತು? ಅದಕ್ಕೆ ತಂಬಾಕು ಗೊತ್ತು, ಅಷ್ಟೇ. ಕೊಯ್ದರೆ ಅದು ಯಾರ ಕಡೆಗೂ ಬರುತ್ತಿರಲಿಲ್ಲ. ನೀನು ಬದುಕುತ್ತಿದ್ದೆ. ತೊದಲುತ್ತ ನನ್ನನ್ನು ಬೈದುಕೊಂಡು ಇರುತ್ತಿದ್ದೆ. ನನಗೆ ಅಷ್ಟು ಸಾಕಾಗಿತ್ತು.

ಸಮಿತಿಗೆ ಎಲ್ಲವನ್ನೂ ಹೇಳಿದೆ. ನಲವತ್ಮೂರನ್ನು ಮಿಶ್ರಿ ಮುಟ್ಟದವರ ಸಾಲಿನಿಂದ ತೆಗೆದು ತಿಕ್ಕುವವರ ಸಾಲಿಗೆ ಹಾಕಿದೆ. ಹೊಗೆಯ ಮಾತು ಬಿದ್ದುಹೋಯಿತು. ಕೈ ಕುಲುಕಿದ ಹಿರಿಯರು ಮತ್ತೆ ಗಡಿಯಾರ ನೋಡಿದರು. ಆದರೆ ಒಂದು ಉಳಿಯಿತು. ನನ್ನ ಪರೀಕ್ಷೆ ಸುಳ್ಳಾಡಿರಲಿಲ್ಲ. ಇಷ್ಟು ವರ್ಷ ನಾನು ಯಾತಕ್ಕಾಗಿ ದುಡಿದೆನೋ ಅದನ್ನೇ ಅದು ಮಾಡಿತ್ತು. ಏಪ್ರಿಲ್‌ನಲ್ಲಿಯೇ, ಇನ್ನೂ ಹೊತ್ತಿದ್ದಾಗಲೇ, ನನ್ನ ದೊಡ್ಡವ್ವನನ್ನು ಹಿಡಿದು ನನ್ನ ಕೈಗೆ ಕೊಟ್ಟಿತ್ತು. ನಾನು ಪೇಢೆ ಹಂಚಿದೆ.

ಕಡೆಯ ಶೀಸೆಯನ್ನು ಬಹಳ ದಿನ ಮುಟ್ಟಲಿಲ್ಲ. 'ಗೌರವ್ವ' ಅಂತ ನಿನ್ನ ದುಂಡಗಿನ ಅಕ್ಷರ ಇದ್ದ ಚೀಟಿಯನ್ನು ಬಿಚ್ಚಲು ಮನಸ್ಸಾಗಲಿಲ್ಲ. ಆಮೇಲೆ ಪೂನಮ್‌ಗೆ ಕೊಟ್ಟೆ. ನೀನು ಕಳಿಸಿದ್ದು ಅದಕ್ಕಾಗಿಯೇ ಅಲ್ಲವೇ? ನಿನ್ನದೇ ಎಲ್ಲರಿಗಿಂತ ಹೆಚ್ಚು.

ಇಷ್ಟು ವರ್ಷ ಬೇರೆಯವರ ಎಂಜಲು ಅಳೆದೆ. ರಜೆಗೆ ಬಂದಾಗಲೆಲ್ಲ ನಿನ್ನ ಎದುರು ಕೂತು ಉಂಡೆ. ನೀನು ಆಣೆ ಮಾಡಿದ್ದೀಯಲ್ಲ ಅಂತ ನಿನ್ನ ಬಾಯನ್ನು ಒಂದು ಸಲವೂ ನೋಡಲಿಲ್ಲ.

ಹದಿನೈದು ದಿನದ ಹಿಂದೆ ಮೂಡಲಗಿಗೆ, ಅಲ್ಲಿಂದ ಊರಿಗೆ ಹೋಗಿದ್ದೆ. ನಂದಿನಿಯ ಸ್ಕೂಟಿ ಮೇಲೆ ನಾನೂ ಕೂತೆ. ಕಾಡವ್ವ ನಿನ್ನ ಕಟ್ಟೆಯ ಮೇಲೆ ಕೂತು ಮಿಶ್ರಿ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಗಡಬಡಿಸಿ ಕೈ ಸೆರಗಿನೊಳಗೆ ಮುಚ್ಚಿಕೊಂಡಳು. ಅಳುತ್ತ, "ಇನ್ನ ಮುಟ್ಟೂದಿಲ್ಲ ನನ್ನವ್ವಾ, ನಿನ್ನ ತಲಿ ಮ್ಯಾಲ ಕೈ ಇಟ್ಟ ಹೇಳ್ತೇನಿ" ಅಂತ ಎದ್ದು ಬಂದಳು. ಆ ಕೈ ನನ್ನ ತಲೆ ಮುಟ್ಟುವ ಮೊದಲೇ ಹಿಡಿದುಕೊಂಡೆ.

"ಆಣಿ ಬ್ಯಾಡ ಕಾಡವ್ವಾ," ಅಂದೆ. "ಬಾಯಿ ತೆರಿ, ನೋಡ್ತೇನಿ."

ಬಿಸಿಲಿಗೆ ಮುಖ ಮಾಡಿ ಬಾಯಿ ತೆರೆದಳು. ನಿನಗೂ ನಾನು ಇಷ್ಟೇ ಅನ್ನಬೇಕಾಗಿತ್ತು.

ನಿನ್ನ
ದಾನಿ